ಕಸಬರಿಕೆ ಹಿಡಿದ ಅಹ್ತಿಗೆ ಬಾಫ್ತಾ! ನಿಮ್ಮ ನಾಲಿಗೆಗೆ ಏನಾಗಿದೆ?

ಕನ್ನಡದ ಹುಡುಗರೇ, ಹುಡುಗಿಯರೇ,

ರಾತ್ರಿ ಎರಡು ಗಂಟೆಯವರೆಗೆ ಕಣ್ಣು ಕೆಂಪಗೆ ಮಾಡಿಕೊಂಡು ಗೇಮ್ ಆಡುತ್ತೀರಲ್ಲ, ಅದಕ್ಕೆ ಬೈಯಲು ಇದನ್ನು ಬರೆಯುತ್ತಿಲ್ಲ. ಬೈಯುವ ಕೆಲಸಕ್ಕೆ ನಿಮ್ಮ ಅಪ್ಪ ಅಮ್ಮ ಇದ್ದಾರೆ. ನನ್ನ ತಕರಾರು ಬೇರೆ.

ಹೋದ ತಿಂಗಳು ನಾಲ್ಕು ಹುಡುಗರು ನನ್ನ ಪ್ರೆಸ್ಸಿಗೆ ಬಂದರು. ಅವರಲ್ಲೊಬ್ಬ ನನ್ನ ಅಕ್ಕನ ಮಗ. ಎಂಟು ಪುಟದ ಪುಸ್ತಿಕೆ, ಇನ್ನೂರು ಪ್ರತಿ ಬೇಕು ಎಂದರು. ಗೇಮ್‌ಗಳ ವಿಮರ್ಶೆಯಂತೆ. ಬಹಳ ಸಂತೋಷ ಎಂದು ಮ್ಯಾಟರ್ ಬಿಡಿಸಿ ನೋಡಿದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಇಂಗ್ಲಿಷ್! ನಾಲ್ವರ ಮನೆಯಲ್ಲೂ ಕನ್ನಡ. ಓದುವ ಗೆಳೆಯರದೂ ಕನ್ನಡ. ಯಾಕ್ರಪ್ಪಾ ಹೀಗೆ ಎಂದರೆ ಅಕ್ಕನ ಮಗ ಹೇಳುತ್ತಾನೆ: ‘ಮಾಮ, ಗೇಮ್ ಬಗ್ಗೆ ಕನ್ನಡದಲ್ಲಿ ಬರೆದರೆ ಕಾಮಿಡಿ ಥರ ಇರುತ್ತೆ.’

ಕಾಮಿಡಿ! ಈ ಮಾತು ಎದೆಗೆ ಮೊಳೆ ಹೊಡೆದಂತಾಯಿತು. ಅವರು ಬರೆದಿದ್ದದ್ದು ‘ಕಂಟ್ರೋಲ್’ ಎಂಬ ಗೇಮಿನ ಬಗ್ಗೆ. ಹಾಗಾದರೆ ಅದೇನೆಂದು ನೋಡಿಯೇ ಬಿಡೋಣ ಎಂದು ಅಕ್ಕನ ಮನೆಗೆ ಹೋಗಿ ರಾತ್ರಿಗಟ್ಟಲೆ ಕೂತೆ. ಆಡಿದವನು ಹುಡುಗ, ನೋಡಿದವನು ನಾನು. ಅಪ್ಪನ ಟ್ರೆಡಲ್ ಮಿಷನ್ನಿನ ಪಕ್ಕ ಮೊಳೆ ಜೋಡಿಸಿ ಪಳಗಿದ ಬೆರಳು, ಆ ಬಟನ್‌ಗಳ ಮೇಲೆ ಓಡುವುದಿಲ್ಲ.

ಈಗ ಕನ್ನಡದಲ್ಲೇ ಹೇಳುತ್ತೇನೆ. ಎಲ್ಲಿ ನಗು ಬರುತ್ತದೋ ನೋಡಿಕೊಳ್ಳಿ.

ನ್ಯೂಯಾರ್ಕಿನ ನಡುಮಧ್ಯೆ ಕಿಟಕಿಯೇ ಇಲ್ಲದ ಒಂದು ಕಾಂಕ್ರೀಟ್ ಕಟ್ಟಡ. ಹೊರಗಿನಿಂದ ನೋಡಿದ್ದಕ್ಕಿಂತ ಒಳಗೆ ದೊಡ್ಡದು. ಗೋಡೆಗಳು ಜರುಗುತ್ತವೆ, ಕೋಣೆಗಳು ಜಾಗ ಬದಲಿಸುತ್ತವೆ. ಅದೊಂದು ಸರ್ಕಾರಿ ಕಚೇರಿ. ಭೂತ ಹೊಕ್ಕಂಥ ವಸ್ತುಗಳನ್ನು ಹಿಡಿದು ತಂದು ಕೂಡಿಹಾಕುವುದು ಅವರ ಕೆಲಸ. ಒಂದು ಫ್ರಿಜ್ ಇದೆ, ಯಾರಾದರೂ ಅದನ್ನು ಎವೆಯಿಕ್ಕದೆ ನೋಡುತ್ತಲೇ ಇರಬೇಕು, ಕಣ್ಣು ತೆಗೆದರೆ ಕೆಟ್ಟಿತು. ಹದಿನೇಳು ವರ್ಷದ ಹಿಂದೆ ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಜೆಸ್ಸಿ ಎಂಬ ಹೆಣ್ಣುಮಗಳು ಒಳಗೆ ಕಾಲಿಡುತ್ತಾಳೆ. ಅಷ್ಟರಲ್ಲಿ ‘ಹಿಸ್’ ಎಂಬ ಪೀಡೆ ನೌಕರರ ಮೈಮೇಲೆ ಬಂದು, ಅವರು ಗಾಳಿಯಲ್ಲಿ ತೇಲುತ್ತಾ ಮಂತ್ರದ ಹಾಗೆ ಮಣಮಣ ಅನ್ನುತ್ತಿರುತ್ತಾರೆ. ನೀವು ಅವಳ ಬೆನ್ನ ಹಿಂದೆ ನಿಂತು ಆಡುತ್ತೀರಿ. ಕೈಯಲ್ಲಿರುವ ಪಿಸ್ತೂಲು ತನ್ನ ಯಜಮಾನನನ್ನು ತಾನೇ ಆರಿಸಿಕೊಳ್ಳುತ್ತದೆ. ಗುಂಡು ಮುಗಿದರೆ ತಂತಾನೇ ತುಂಬಿಕೊಳ್ಳುತ್ತದೆ. ಮನಸ್ಸಿನ ಬಲದಿಂದಲೇ ಮೇಜು, ಕುರ್ಚಿ, ಗೋಡೆಯ ತುಂಡನ್ನು ಕಿತ್ತು ಎಸೆಯುವ ಶಕ್ತಿ ಅವಳಿಗೆ ಬರುವುದು ಯಾವುದರಿಂದ ಗೊತ್ತೇ? ಒಂದು ಹಳೇ ಫ್ಲಾಪಿ ಡಿಸ್ಕಿನಿಂದ! (ಡಿಟಿಪಿ ಕಲಿತ ಕಾಲದಲ್ಲಿ ನನ್ನ ಜೇಬಿನಲ್ಲೂ ಡಜನ್‌ಗಟ್ಟಲೆ ಫ್ಲಾಪಿ ಇದ್ದವು. ಒಂದೂ ಒಂದು ರೀಮ್ ಕಾಗದ ಎತ್ತಲಿಲ್ಲ.)

ಕಾಮಿಡಿಯಾಯಿತೇ? ಇಲ್ಲವಲ್ಲ. ಮುಂದಕ್ಕೆ ಹೋಗೋಣ.

ಇದನ್ನು ಮಾಡಿದ ರೆಮಿಡಿ ಕಂಪನಿ ಅಮೆರಿಕದ್ದಲ್ಲ. ಫಿನ್ಲೆಂಡಿನ ಎಸ್ಪೋ ಊರಿನದು. ಇಡೀ ದೇಶದ ಜನಸಂಖ್ಯೆ ಸುಮಾರು 55 ಲಕ್ಷ. 2011ರ ಜನಗಣತಿಯಲ್ಲಿ ಕನ್ನಡ ನನ್ನ ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಲೆಕ್ಕ ನೀವೇ ಹಾಕಿಕೊಳ್ಳಿ. ಆ ಫಿನ್ನಿಷ್ ಭಾಷೆಯೇನು ಸಿಂಹಾಸನದ ಮೇಲೆ ಹುಟ್ಟಿದ್ದಲ್ಲ. ಶತಮಾನಗಟ್ಟಲೆ ಸ್ವೀಡನ್ನಿನ ಆಳ್ವಿಕೆ, 1809ರಿಂದ ರಷ್ಯಾದ್ದು. ಕಚೇರಿ, ಕೋರ್ಟು, ಓದಿದವರ ಮನೆಮಾತು ಎಲ್ಲಾ ಸ್ವೀಡಿಷ್. ಫಿನ್ನಿಷ್ ಎಂದರೆ ಹೊಲದವರ, ಆಳುಗಳ ಭಾಷೆ. ಕಚೇರಿಯಲ್ಲಿ ಅದಕ್ಕೂ ಸ್ವೀಡಿಷ್ ಜೊತೆ ಸಮಾನ ಸ್ಥಾನ ಕೊಡಬೇಕು ಎಂಬ ಆಜ್ಞೆ ಹೊರಟದ್ದು 1863ರಲ್ಲಿ, ಅದೂ ಇಪ್ಪತ್ತು ವರ್ಷದ ಗಡುವಿನ ಮೇಲೆ.

ಈಗ ಗೇಮಿಗೆ ಬನ್ನಿ. ಜೆಸ್ಸಿ ಒಳಗೆ ಬಂದಾಗ ಮೊದಲು ಎದುರಾಗುವವನು ಅಹ್ತಿ. ಆ ಕಟ್ಟಡದ ಕಸ ಗುಡಿಸುವ, ನೆಲ ಒರೆಸುವ ಮುದುಕ. ಅಹ್ತಿ ಎಂಬುದು ಫಿನ್ಲೆಂಡಿನ ಜನಪದದಲ್ಲಿ ನೀರಿನ ದೇವರ ಹೆಸರು. ಪಾತ್ರ ಮಾಡಿದವನು ಅಲ್ಲಿನ ನಟ ಮಾರ್ತಿ ಸುವೊಸಾಲೊ. ಈತ ಇಂಗ್ಲಿಷ್ ಮಾತಾಡುತ್ತಾನೆ, ಆದರೆ ಎಂಥ ಇಂಗ್ಲಿಷ್! ಫಿನ್ನಿಷ್ ಗಾದೆಗಳನ್ನು, ನುಡಿಗಟ್ಟುಗಳನ್ನು ಪದಕ್ಕೆ ಪದ ಎತ್ತಿ ಇಂಗ್ಲಿಷಿನ ಮೇಲೆ ಸುರಿಯುತ್ತಾನೆ. ನಡುನಡುವೆ ಅಪ್ಪಟ ಫಿನ್ನಿಷ್ ಬೈಗುಳ. ಏನೋ ಒಳಮರ್ಮ ಇದೆ ಎನ್ನುವುದಕ್ಕೆ ಆ ನಾಡಿನವರು ‘ನಾಯಿ ಇಲ್ಲಿ ಹೂತಿದೆ’ ಎನ್ನುತ್ತಾರೆ. ಇದನ್ನು ಹಾಗೇ ಇಂಗ್ಲಿಷಿನಲ್ಲಿ ಒದರಿದರೆ ಹೇಗಿರುತ್ತದೆ ಊಹಿಸಿ. ನಮ್ಮ ಮಂಡ್ಯದ ಅಜ್ಜನೊಬ್ಬ ನ್ಯೂಯಾರ್ಕಿನ ಸಾಹೇಬರ ಮುಂದೆ ನಿಂತು ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ಯನ್ನು ಇಂಗ್ಲಿಷಿನ ಅಂಗಿ ತೊಡಿಸಿ ಹೇಳಿದ ಹಾಗೆ. ಅದೂ ತಲೆ ತಗ್ಗಿಸದೆ! ಸಾಲದ್ದಕ್ಕೆ ಈ ಸುವೊಸಾಲೊ ಗೇಮಿಗಾಗಿ ಫಿನ್ನಿಷ್ ಟ್ಯಾಂಗೋ ಹಾಡನ್ನೂ ಹಾಡಿದ್ದಾನೆ.

ವಿಮರ್ಶಕರು ಏನಂದರು? ಬಹಳ ಮಂದಿ ಹೊಗಳಿದರು. ಐಜಿಎನ್ 10ಕ್ಕೆ 8.8 ಕೊಟ್ಟು, ಕೊನೆಗೆ 2019ರ ವರ್ಷದ ಗೇಮ್ ಎಂದೇ ಆರಿಸಿತು. ದಿ ಗೇಮ್ ಅವಾರ್ಡ್ಸ್‌ನಲ್ಲಿ ಕಲಾ ನಿರ್ದೇಶನದ ಪ್ರಶಸ್ತಿ ಬಂತು. ಆ ಬೂದು ಬಣ್ಣದ ಕಾಂಕ್ರೀಟ್ ಗೋಡೆಗಳನ್ನು ಕಂಡರೆ ಪ್ರಶಸ್ತಿ ಯಾಕೆಂದು ಗೊತ್ತಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಬಾಫ್ತಾ. ‘ಕಂಟ್ರೋಲ್’ 11 ವಿಭಾಗಗಳಲ್ಲಿ ಕಣದಲ್ಲಿತ್ತು. ಗೆದ್ದದ್ದು ಒಂದೇ ಒಂದು. ಯಾವುದು? ಪೋಷಕ ನಟನ ಪ್ರಶಸ್ತಿ. ಯಾರಿಗೆ? ಅಹ್ತಿಯಾದ ಸುವೊಸಾಲೊಗೆ! ಇಂಗ್ಲಿಷಿನ ತವರುಮನೆಯಲ್ಲೇ, ಇಂಗ್ಲಿಷನ್ನು ಫಿನ್ನಿಷ್ ಮಾಡಿ ಮಾತಾಡಿದವನಿಗೆ ಹಾರ ಬಿತ್ತು.

ಇಲ್ಲಿ ನಿಮ್ಮಲ್ಲೊಬ್ಬ ಜಾಣ ಎದ್ದು ನಿಲ್ಲುತ್ತಾನೆ, ಗೊತ್ತು. ‘ಸಾರ್, ಗೇಮ್ ಪೂರ್ತಿ ಇಂಗ್ಲಿಷಿನಲ್ಲೇ ಇದೆಯಲ್ಲ. ನಾಯಕಿ ಇಂಗ್ಲಿಷ್, ಕಥೆ ನ್ಯೂಯಾರ್ಕಿನದು. ಫಿನ್ನಿಷ್ ಭಾಷೆಗೆ ಸಿಕ್ಕಿದ್ದು ಪೊರಕೆ ತಾನೇ? ಬೇರೆಯವರ ಸಿನಿಮಾದಲ್ಲಿ ನಮ್ಮವನನ್ನು ಆಳು ಮಾಡಿದರೆ ನೀವು ಸುಮ್ಮನಿರುತ್ತೀರಾ?’

ಸರಿಯಾದ ಪ್ರಶ್ನೆ. ಎರಡು ರಾತ್ರಿ ನನ್ನನ್ನೂ ಇದು ಕಾಡಿತು. ಆದರೆ ಈ ಪೊರಕೆಯನ್ನು ಕೊಟ್ಟವರು ಬೇರೆಯವರಲ್ಲ, ಅವರ ಮನೆಯವರೇ. ಆ ಕಟ್ಟಡದಲ್ಲಿ ಅಹ್ತಿಯ ಕೈ ಹಿಡಿಯುವವರಿಲ್ಲ. ಸೂಟು ಬೂಟಿನ ಅಧಿಕಾರಿಗಳ ಮೈಮೇಲೆ ಪೀಡೆ ಬರುತ್ತದೆ, ಈತನ ಬಳಿ ಸುಳಿಯುವುದಿಲ್ಲ. ಜೆಸ್ಸಿ ಇಡೀ ಸಂಸ್ಥೆಗೆ ಡೈರೆಕ್ಟರ್ ಆದರೂ ಈತನ ಪಾಲಿಗೆ ಅವಳು ಜಾಡಮಾಲಿಯ ಸಹಾಯಕಿ. ಯಾರೂ ದಾಟಲಾಗದ ಚಕ್ರವ್ಯೂಹದಂಥ ಜಾಗವನ್ನು ಅವಳು ದಾಟುವುದು ಈತ ಕೊಟ್ಟ ಕ್ಯಾಸೆಟ್ ಪ್ಲೇಯರಿನಿಂದ. ನಮ್ಮ ಮಂಟೇಸ್ವಾಮಿ ನಾರುವ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದ ಕಥೆ ಕೇಳಿದವರಿಗೆ ಅಹ್ತಿ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ವಿಮರ್ಶಕರಲ್ಲಿ ಕೆಲವರು ಅವನನ್ನು ತಮಾಷೆಯ ಮುದುಕ ಎಂದು ಕಂಡು ಮುಂದೆ ಹೋದರೆ ಅದು ಅವರ ಕಣ್ಣಿನ ದೋಷ.

ಅಲ್ಲಿಗೇ ನಿಂತರೂ ಅಲ್ಲ. 2023ರ ಅಕ್ಟೋಬರಿನಲ್ಲಿ ಅದೇ ಕಂಪನಿಯ ‘ಅಲನ್ ವೇಕ್ 2’ ಬಂತು. ಅದರಲ್ಲಿ ಒಂದು ಸಿನಿಮಾ ಥಿಯೇಟರ್. ಒಳಗೆ ಹೋಗಿ ಕೂತರೆ ‘ಯೊತನ್ ಯೊ’ ಎಂಬ ಕಿರುಚಿತ್ರವೇ ಓಡುತ್ತದೆ, ಫಿನ್ನಿಷ್ ಭಾಷೆಯಲ್ಲಿ! ಇಂಗ್ಲಿಷಿನವರು ಕೆಳಗಿನ ಅಕ್ಷರ ಓದಿಕೊಂಡು ನೋಡಲಿ ಎಂದು ಬಿಟ್ಟರು. ಯಾರೂ ದುಡ್ಡು ವಾಪಸ್ ಕೇಳಲಿಲ್ಲ. ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ನಿರ್ದೇಶನ, ಕಥನ, ಕಲೆ, ಮೂರಕ್ಕೂ ಪ್ರಶಸ್ತಿ ಅದಕ್ಕೇ. 2019ರಲ್ಲಿ ಒಬ್ಬ ಮುದುಕನ ಬಾಯಲ್ಲಿ ಇದ್ದ ಭಾಷೆ ನಾಲ್ಕು ವರ್ಷದಲ್ಲಿ ಬೆಳ್ಳಿತೆರೆ ಏರಿತು.

ಹಾಗಂತ ರೆಮಿಡಿಯವರಿಗೆ ಆರತಿ ಎತ್ತಬೇಕಾಗಿಲ್ಲ. ‘ಕಂಟ್ರೋಲ್’ ಬಿಡುಗಡೆಯಾದಾಗ ಮಾಮೂಲಿ ಪಿಎಸ್ 4, ಎಕ್ಸ್‌ಬಾಕ್ಸ್ ಒನ್ ಮೇಲೆ ತಡವರಿಸಿ ತಡವರಿಸಿ ಓಡುತ್ತಿತ್ತು. ದೊಡ್ಡ ಕಾಳಗ ಬಂದರೆ ಫ್ರೇಮ್ ಅರ್ಧಕ್ಕಿಂತ ಕೆಳಗೆ. ನಕ್ಷೆಯೋ, ದೇವರಿಗೇ ಪ್ರೀತಿ. ಇದನ್ನು ವಿಮರ್ಶಕರು ಬರೆದರು, ಆದರೆ ಬರೆದ ಕೈಯಲ್ಲೇ ಎಂಟೂವರೆ ಒಂಬತ್ತು ಅಂಕ ಕೊಟ್ಟು ಎದ್ದರು! ಮದುವೆ ಕಾರ್ಡಿನಲ್ಲಿ ಮಸಿ ಹರಡಿದರೆ ಗಿರಾಕಿ ನನ್ನ ಮುಖಕ್ಕೆ ಎಸೆದು ಹೋಗುತ್ತಾನೆ, ಪೂರ್ತಿ ಮತ್ತೆ ಹೊಡೆದು ಕೊಡುತ್ತೇನೆ. 60 ಡಾಲರ್ ಕೊಟ್ಟವನು ಮಾತ್ರ ರಿಪೇರಿಗೆ ಕಾಯಬೇಕು. 2020ರ ಆಗಸ್ಟಿನಲ್ಲಿ ಪ್ರಕಾಶಕರಾದ 505 ಗೇಮ್ಸ್‌ನವರು ‘ಅಲ್ಟಿಮೇಟ್’ ಆವೃತ್ತಿ ತಂದರು. ಹೊಸ ಕನ್ಸೋಲಿಗೆ ಉಚಿತ ಬದಲಾವಣೆ ಅದನ್ನು ಕೊಂಡವರಿಗೆ ಮಾತ್ರ, ಮೊದಲೇ ನಂಬಿ ಕೊಂಡವರಿಗೆ ಇಲ್ಲ ಎಂದರು. ಮೊದಲ ಪಂಕ್ತಿಯಲ್ಲಿ ಕೂತವನಿಗೆ ಪಾಯಸ ಇಲ್ಲ! ಆಟಗಾರರು ರೇಗಿದ್ದು ನ್ಯಾಯ. ರೆಮಿಡಿಯವರು ಈ ಪ್ರಕಾಶಕರಿಂದ ‘ಕಂಟ್ರೋಲ್’ ಹಕ್ಕನ್ನು 1 ಕೋಟಿ 70 ಲಕ್ಷ ಯೂರೋ ಕೊಟ್ಟು ಬಿಡಿಸಿಕೊಂಡದ್ದು 2024ರಲ್ಲಿ.

ಈ ಸಿಟ್ಟೂ ನಿಮ್ಮ ಪುಸ್ತಿಕೆಯಲ್ಲಿ ಇತ್ತು ಹುಡುಗರೇ, ಓದಿದೆ. ಚೆನ್ನಾಗಿಯೇ ಇತ್ತು. ಆದರೆ ಅಹ್ತಿಯ ಬಗ್ಗೆ ಎರಡೇ ಸಾಲು. ಅವನು ಯಾಕೆ ಹಾಗೆ ಮಾತಾಡುತ್ತಾನೆ ಎಂಬುದೇ ಇಲ್ಲ. ಇಂಗ್ಲಿಷರ ವಿಮರ್ಶೆ ಓದಿ, ಇಂಗ್ಲಿಷರ ಕಣ್ಣಲ್ಲಿ ನೋಡಿ, ಇಂಗ್ಲಿಷರಿಗೇ ವಾಪಸ್ ಬರೆದಿದ್ದೀರಿ. ಆ ಇಂಗ್ಲಿಷರು ನಿಮ್ಮ ಇನ್ನೂರು ಪ್ರತಿ ಓದಲು ಬೆಂಗಳೂರಿಗೆ ಬರುತ್ತಾರೆಯೇ?

ಅಕ್ಕನ ಮಗನಿಗೆ ಹೇಳಿದ್ದೇನೆ. ಇಂಗ್ಲಿಷಿನಲ್ಲೇ ಬೇಕು ಎಂದರೆ ಪೂರ್ತಿ ರೇಟು, ಮುಂಗಡ ಅರ್ಧ. ಅಹ್ತಿಯ ಬಗ್ಗೆ ಒಂದು ಪುಟ ಸೇರಿಸಿ ಕನ್ನಡದಲ್ಲಿ ಬರೆದು ತಂದರೆ ಕಾಗದದ ದುಡ್ಡು ಸಾಕು, ಛಪಾಯಿ ನನ್ನದು. ‘ಫ್ರೇಮ್ ರೇಟ್‌ಗೆ ಕನ್ನಡದಲ್ಲಿ ಏನನ್ನಬೇಕು ಮಾಮ?’ ಎಂದ. ಫ್ರೇಮ್ ರೇಟ್ ಅಂತಲೇ ಬರಿಯೋ, ಬಸ್ಸು ಕಾರು ಬರೆದ ಹಾಗೆ ಎಂದೆ. ಸೋಮವಾರ ಬರುತ್ತೇವೆ ಎಂದು ಹೋಗಿದ್ದಾರೆ.