ಅತಿಭಾರಾರೋಪಣ

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಹೊರಲಾರದ ಹೊರೆ ಹೇರುವ ಅತಿಭಾರಾರೋಪಣವೂ ಒಂದು, ಅನ್ನಪಾನನಿರೋಧವೂ ಒಂದು.

ಡೊಂಬಿವಲಿಯ ನಮ್ಮ ನೆರೆಮನೆಯ ಹುಡುಗನು ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾದಂದಿನಿಂದ ಮನೆಯವರೊಡನೆ ಮಾತು ಬಿಟ್ಟಿದ್ದಾನೆ. ನಿತ್ಯ ಸಂಜೆ ಕಲ್ಯಾಣಕ್ಕೆ ಹೋಗಿ, ಮದುವೆಯ ಮೆರವಣಿಗೆಗಳಲ್ಲಿ ದುಡಿದು ಮುದಿಯಾದ ಕುದುರೆಯೊಂದರ ಮೈ ಉಜ್ಜುತ್ತಾನೆ, ಅದರೊಡನೆ ಮಾತಾಡುತ್ತಾನೆ. “ಅದು ಅಂಕ ಕೇಳುವುದಿಲ್ಲ, ಕಾಕಾ” ಎಂದನು.

1961ರ ಆದಾಯ ತೆರಿಗೆ ಕಾಯ್ದೆಯ 36ನೆಯ ಕಲಮಿನಂತೆ, ವ್ಯವಹಾರಕ್ಕೆ ದುಡಿದ ಪ್ರಾಣಿ ಸತ್ತರೂ ಶಾಶ್ವತವಾಗಿ ನಿರುಪಯುಕ್ತವಾದರೂ ಲೆಕ್ಕ ಒಂದೇ ಆಗಿತ್ತು: ನಷ್ಟ. ಮಕ್ಕಳ ವಿಷಯದಲ್ಲಿಯೂ ನಾವು ಇದನ್ನೇ ಅನುಸರಿಸುತ್ತಿಲ್ಲವೇ? ಧರ್ಮದ ಲೆಕ್ಕ ಬೇರೆ. ನಮ್ಮ ಮೆರವಣಿಗೆಗಳ ಖರ್ಚಿನಲ್ಲಿ ಮುದಿ ಕುದುರೆಯ ಮೇವಿಗೂ ಪಾಲಿರಲಿ. ಮಗುವಿನ ಬೆನ್ನಿನಿಂದ ಹೊರೆ ಇಳಿಯಲಿ.