ಕರ್ಣನ ಕುಲ ಕೇಳಿದವರು

ಭರತ ಹುಣ್ಣಿಮೆಯ ಜಾತ್ರೆಗೆ ಮೈಲಾರದತ್ತ ಗಾಡಿ ಕಟ್ಟುವ ಹಡಗಲಿ, ಹರಪನಹಳ್ಳಿ ಸೀಮೆಯ ಜನಕ್ಕೆ ಕರ್ಣನ ಪರಿಚಯ ಮಾಡಿಕೊಡಬೇಕಾಗಿಲ್ಲ. ದೊಡ್ಡಾಟದ ಅಟ್ಟದ ಮೇಲೆ ಅವನು ಕೌರವರ ಪಕ್ಷ, ಅಂದರೆ ಕೇಡಿಗರ ಪಕ್ಷ. ಆದರೂ ಅವನ ರಥದ ಗಾಲಿ ಹೂತಾಗ ನೋಡುವವರ ಕಣ್ಣು ತೇವವಾಗುತ್ತದೆ. ೯೪೧ರಲ್ಲಿ ಅರ್ಜುನನನ್ನೇ ನಾಯಕನನ್ನಾಗಿಸಿ ಕಾವ್ಯ ಬರೆದ ಪಂಪನೂ ಕರ್ಣನನ್ನು ಹೊಗಳುವಲ್ಲಿ ಜಿಪುಣತನ ತೋರಲಿಲ್ಲ. ಇದೇಕೆ?

ಅವನ ತಪ್ಪುಗಳನ್ನು ನಾವು ಮುಚ್ಚಿಡುವುದಿಲ್ಲ. ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಹೀನವಾಗಿ ಅಂದವನು ಅವನೇ. ಎಳೆಯ ಅಭಿಮನ್ಯುವನ್ನು ಸುತ್ತುಗಟ್ಟಿದವರಲ್ಲಿ ಅವನೂ ಒಬ್ಬ. ಆದರೆ ಲೆಕ್ಕವನ್ನು ಮೊದಲಿನಿಂದ ಬರೆಯಬೇಕು. ಲೋಕನಿಂದೆಗೆ ಹೆದರಿದ ಕುಂತಿ ಹಸುಗೂಸನ್ನು ಹೊಳೆಗೆ ಬಿಟ್ಟಳು. ಸೂತನ ಮನೆಯ ರಾಧೆ ಎತ್ತಿ ಸಾಕಿದಳು. ಬೆಳೆದು ಬಿಲ್ಲು ಹಿಡಿದು ರಂಗಕ್ಕೆ ಬಂದಾಗ, ಅವನ ಕೈಚಳಕ ಕಣ್ಣೆದುರಿಗಿದ್ದರೂ ಕೃಪಾಚಾರ್ಯರು ಕೇಳಿದ್ದು ಕುಲವನ್ನು. ಹೆತ್ತ ತಾಯಿ ಅಲ್ಲೇ ಇದ್ದಳು; ಬಾಯಿ ಬಿಡಲಿಲ್ಲ. ಅಂಗರಾಜ್ಯ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡವನು ದುರ್ಯೋಧನನೊಬ್ಬನೇ. ಸ್ವಾರ್ಥಕ್ಕೇ ಕೊಟ್ಟ. ಉಪ್ಪುಂಡವನು ಕೊನೆತನಕ ಋಣ ತೀರಿಸಿದ. ಯುದ್ಧ ಎದುರಾದಾಗ ತಾಯಿ ಹುಡುಕಿಕೊಂಡು ಬಂದಳು. ಅದೂ ಉಳಿದ ಮಕ್ಕಳ ಜೀವಕ್ಕಾಗಿ.

ಹಳೆಯ ಕಥೆಯೆಂದು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಬಳ್ಳಾರಿ ಸೀಮೆಯಲ್ಲಿ ಬಡವರ ಹೆಣ್ಣುಮಕ್ಕಳನ್ನು ಬಸವಿ ಬಿಡುತ್ತಿದ್ದರು. ಅವರ ಮಕ್ಕಳನ್ನು ತಾಯಿ ಕೈಬಿಡಲಿಲ್ಲ; ಕೈಬಿಟ್ಟವನು ತಂದೆ. ಹಡಗಲಿ ತಾಲ್ಲೂಕು ಮದ್ರಾಸಿಗೆ ಸೇರಿದ್ದಾಗಲೇ, ೧೯೪೭ರಲ್ಲಿ, ದೇವರಿಗೆ ಬಿಡುವ ಈ ಪದ್ಧತಿಗೆ ಕಾನೂನಿನ ತಡೆ ಬಂತು. ೧೯೮೨ರಲ್ಲಿ ಕರ್ನಾಟಕವೂ ಕಾನೂನು ಮಾಡಿತು. ಈ ಮಕ್ಕಳ ದಾಖಲೆಗೆ ತಂದೆಯ ಹೆಸರು ಕಡ್ಡಾಯವಲ್ಲವೆಂಬ ಮಾತು ಶಾಸನಸಭೆಯ ಮಸೂದೆಗೆ ಬರಲು ೨೦೨೫ರ ತನಕ ಕಾಯಬೇಕಾಯಿತು.

ಕಾಗದದ ಮೇಲೆ ನಿಂತ ಪ್ರಶ್ನೆ ಶಾಲೆಯ ಅಂಗಳದಲ್ಲಿ, ಗಿರಣಿಯ ಬಾಗಿಲಲ್ಲಿ, ಹೆಣ್ಣು ಕೇಳುವ ಪಡಸಾಲೆಯಲ್ಲಿ ನಿಂತಿಲ್ಲ. "ನೀನು ಯಾರ ಮಗ?" ಎಂದು ಹುಡುಗನನ್ನು ಹೊರಗೆ ನಿಲ್ಲಿಸಿದರೆ, ಹೊರಗೆ ಕಾದಿರುವ ಮರಳು ದಂಧೆಯವನೋ, ಚುನಾವಣೆಗೆ ಪುಂಡರನ್ನು ಸಾಕುವವನೋ ಅವನಿಗೆ ಕುರ್ಚಿ ಹಾಕುತ್ತಾನೆ. ನಾಳೆ ಅದೇ ಹುಡುಗ ಬಡಿಗೆ ಹಿಡಿದು ಮುಷ್ಕರ ಮುರಿಯಲು, ಅಂಗಡಿಗಳಲ್ಲಿ ಮಾಮೂಲು ಎತ್ತಲು ಬಂದಾಗ ನಾವು ಅವನನ್ನು ತಡೆಯಲೇಬೇಕು, ತಡೆಯುತ್ತೇವೆ. ಆದರೆ ಅವನನ್ನು ಅಲ್ಲಿಗೆ ಕಳಿಸಿದವರ ಪಟ್ಟಿಯಲ್ಲಿ ನಮ್ಮ ಹೆಸರು ಇರಬಾರದು.

ಕಾರ್ಮಿಕ ಬಂಧುಗಳಿಗೂ ವರ್ತಕ ಮಿತ್ರರಿಗೂ ನಮ್ಮ ಮಾತು ಇಷ್ಟೇ: ಕೆಲಸ ಕೇಳಿ ಬಂದವನ ಕಸಬು ಕೇಳಿ, ಕುಲ ಬಿಡಿ. ದುರ್ಯೋಧನ ಬರುವುದಕ್ಕೆ ಮೊದಲು ಅವನಿಗೆ ಮಣೆ ಹಾಕಿ.