ಅತ್ತ ಕೊಲ್ಹಾಪುರ, ಇತ್ತ ಬೆಳಗಾವಿ: ನಡುವೆ ಮನೆ ಎಲ್ಲಿ?

ನಿಪ್ಪಾಣಿ ತಾಲ್ಲೂಕಿನ ಅಕ್ಕೋಳದಿಂದ ಹೆದ್ದಾರಿ ಹಿಡಿದು ದೂರದ ಉದ್ಯೋಗಕ್ಕೆ ಹೊರಡುವವರು ಮೊದಲು ನಿಪ್ಪಾಣಿ ತಲುಪಬೇಕು. ಅಲ್ಲಿಂದ ಹಾದಿ ಕವಲೊಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಉತ್ತರಕ್ಕೆ ನಡೆದರೆ ಕಾಗಲ್, ಗೋಕುಲ ಶಿರಗಾಂವ, ಕೊಲ್ಹಾಪುರ, ದಕ್ಷಿಣಕ್ಕೆ ಸಂಕೇಶ್ವರ, ಬೆಳಗಾವಿ, ಪೂರ್ವಕ್ಕೆ ಚಿಕ್ಕೋಡಿ. ಉತ್ತರದಲ್ಲಿ ಕೈಗಾರಿಕಾ ಪ್ರದೇಶಗಳೂ ದೊಡ್ಡ ಆಸ್ಪತ್ರೆಗಳೂ ಇದ್ದರೆ, ದಕ್ಷಿಣ ಮತ್ತು ಪೂರ್ವದಲ್ಲಿ ಕರ್ನಾಟಕ ಸರ್ಕಾರದ ಕಚೇರಿಗಳೂ ಶಾಲೆಗಳೂ ಇವೆ. ಹೀಗಾಗಿ ಗಂಡ ಒಂದು ರಾಜ್ಯದ ಕಾರ್ಖಾನೆಗೆ, ಹೆಂಡತಿ ಇನ್ನೊಂದು ರಾಜ್ಯದ ಶಾಲೆಗೆ ಹೋಗುವ ಸಂಸಾರ ಈ ಗಡಿಪಟ್ಟಿಯಲ್ಲಿ ಅಪರೂಪದ್ದಲ್ಲ. ಇಂಥ ದಂಪತಿ ಮನೆ ಮಾಡಬೇಕಾದದ್ದು ಎಲ್ಲಿ? ಅಕ್ಕೋಳದಲ್ಲೇ ಉಳಿಯಬೇಕೆ, ನಿಪ್ಪಾಣಿಗೆ ಬರಬೇಕೆ, ಸಂಕೇಶ್ವರಕ್ಕೋ ಚಿಕ್ಕೋಡಿಗೋ ಸರಿಯಬೇಕೆ, ಗಡಿ ದಾಟಿ ಕಾಗಲ್‌ನಲ್ಲಿ ನೆಲೆಸಬೇಕೆ?

ಬೆಂಗಳೂರಿನಲ್ಲಿ ಒಬ್ಬರು ವೈಟ್‌ಫೀಲ್ಡ್‌ಗೂ ಮತ್ತೊಬ್ಬರು ಪೀಣ್ಯಕ್ಕೂ ಹೋಗುವ ಮನೆಗಳಲ್ಲಿಯೂ ಇದೇ ಪ್ರಶ್ನೆಯಿದೆ. ಆದರೆ ಅಲ್ಲಿಲ್ಲದ ಒಂದು ರಾಜ್ಯದ ಗಡಿ ಇಲ್ಲಿ ದಂಪತಿಯ ನಡುವೆ ಹಾದುಹೋಗುತ್ತದೆ.

ನಡುವಿನ ಊರು ಎಂಬ ಭ್ರಮೆ

ಹೆಚ್ಚಿನವರು ಮೊದಲು ಮಾಡುವ ಲೆಕ್ಕ ಕಿಲೋಮೀಟರ್‌ನದು. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಸುಮಾರು 40 ಕಿ.ಮೀ., ಬೆಳಗಾವಿಗೆ ಸುಮಾರು 75 ಕಿ.ಮೀ. ಒಬ್ಬರು ಅತ್ತ, ಒಬ್ಬರು ಇತ್ತ ಹೋದರೆ ಒಟ್ಟು 115. ಸಂಕೇಶ್ವರದಲ್ಲಿ ಮನೆ ಮಾಡಿದರೆ ಈ ಲೆಕ್ಕ ಸುಮಾರು 65 ಮತ್ತು 50 ಆಗುತ್ತದೆ. ಒಟ್ಟು ಮತ್ತೆ 115. ಕಾಗಲ್‌ನಲ್ಲಿದ್ದರೆ ಸುಮಾರು 20 ಮತ್ತು 95, ಒಟ್ಟು ಅದೇ. ಒಂದೇ ಹೆದ್ದಾರಿಯ ಎರಡು ತುದಿಗಳಲ್ಲಿ ಉದ್ಯೋಗವಿದ್ದಾಗ, ನಡುವಿನ ಯಾವ ಊರಿನಲ್ಲಿದ್ದರೂ ಕುಟುಂಬದ ಒಟ್ಟು ಪ್ರಯಾಣ ಬದಲಾಗುವುದಿಲ್ಲ. ಬದಲಾಗುವುದು ಆ ಭಾರ ಯಾರ ಹೆಗಲಿಗೆ ಎಷ್ಟು ಎಂಬುದು ಮಾತ್ರ. ಆದ್ದರಿಂದ ‘ಒಟ್ಟಾರೆ ಯಾವುದು ಹತ್ತಿರ’ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. ‘ಯಾರಿಗೆ ಹತ್ತಿರ’ ಎಂಬುದೇ ನಿಜವಾದ ಪ್ರಶ್ನೆ.

ಹೆದ್ದಾರಿಯಿಂದ ಒಳಗಿರುವ ಅಕ್ಕೋಳದಂಥ ಊರಿನ ಲೆಕ್ಕ ಬೇರೆ. ಒಳಗಿನ ಒಂದೊಂದು ಕಿಲೋಮೀಟರ್ ಅನ್ನೂ ಇಬ್ಬರೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸವೆಸಬೇಕು. ಅಂದರೆ ಒಂದು ಕಿ.ಮೀ. ಒಳಗಿದ್ದರೆ ಕುಟುಂಬಕ್ಕೆ ದಿನಕ್ಕೆ ನಾಲ್ಕು ಕಿ.ಮೀ. ಹೆಚ್ಚುವರಿ. ಬಸ್ ಬದಲಿಸುವ ಕಾಯುವಿಕೆ ಇದರ ಮೇಲೆ. ಆದರೆ ಊರಿನಲ್ಲಿ ಸ್ವಂತ ಮನೆಯಿದೆ, ಬಾಡಿಗೆಯಿಲ್ಲ, ಹೊಲವಿದೆ, ಶಾಲೆ ಬಿಟ್ಟು ಬರುವ ಮಗುವಿಗೆ ಅನ್ನವಿಕ್ಕುವ ಅಜ್ಜಿ ಇದ್ದಾಳೆ. ಶಿಶುಪಾಲನಾ ಕೇಂದ್ರಗಳು ವಿರಳವಾಗಿರುವ ಈ ಭಾಗದಲ್ಲಿ ಅಜ್ಜಿಯ ಎರಡು ಗಂಟೆಗಳ ಬೆಲೆ ಬಾಡಿಗೆಯ ಉಳಿತಾಯಕ್ಕಿಂತ ದೊಡ್ಡದು. ಊರು ಬಿಡುವ ನಿರ್ಧಾರಕ್ಕೆ ಮುನ್ನ ಇದನ್ನು ರೂಪಾಯಿಯಲ್ಲಿ ಅಲ್ಲವಾದರೂ ಗಂಟೆಗಳಲ್ಲಿ ಅಳೆಯುವುದು ಅಗತ್ಯ.

ಟಿಕೆಟ್ ಉಚಿತ, ಸಮಯವಲ್ಲ

ರಾಜ್ಯ ಸರ್ಕಾರ 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೊಳಿಸಿದ ಮೇಲೆ ಈ ಆಯ್ಕೆಗೆ ಹೊಸ ಅಂಶವೊಂದು ಸೇರಿದೆ. ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಗೆ ಟಿಕೆಟ್ ದರವಿಲ್ಲ. ಮಹಾರಾಷ್ಟ್ರ ಅದೇ ವರ್ಷದ ಮಾರ್ಚ್ 17ರಿಂದ ತನ್ನ ರಾಜ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ದರ ನಿಗದಿಪಡಿಸಿತು. ಅದೂ ತನ್ನ ಗಡಿಯೊಳಗೆ. ಬೆಳಗಾವಿಗೆ ಹೋಗುವ ಶಿಕ್ಷಕಿಗೆ ಖರ್ಚಿಲ್ಲ, ಕಾಗಲ್‌ಗೆ ಹೋಗುವ ಆಕೆಯ ಪತಿಗೆ ಪೂರ್ತಿ ಖರ್ಚು. ಹಾಗಿದ್ದರೆ ಮನೆ ಪತಿಯ ಕಾರ್ಖಾನೆಯ ಹತ್ತಿರವಿರಲಿ, ಹೆಂಡತಿ ಹೇಗೂ ಉಚಿತವಾಗಿ ಹೋಗಿ ಬರುತ್ತಾಳೆ ಎಂಬ ತರ್ಕ ಸುಲಭವಾಗಿ ಹುಟ್ಟುತ್ತದೆ.

ಕಾಗದದ ಮೇಲೆ ಸರಿಯೆನಿಸುವ ಈ ತರ್ಕ ಮನೆಯೊಳಗೆ ಸೋಲುತ್ತದೆ. ಕೇಂದ್ರ ಸಾಂಖ್ಯಿಕ ಇಲಾಖೆಯ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ. ಹಾಗೆ ತೊಡಗುವ ಪುರುಷರು ಕೊಡುವುದು 88 ನಿಮಿಷ. ಸಂಜೆ ಮನೆ ಸೇರಿದೊಡನೆ ಎರಡನೆಯ ಪಾಳಿ ಆರಂಭವಾಗುವುದು ಯಾರಿಗೋ ಅವರ ಪ್ರಯಾಣವನ್ನೇ ಉದ್ದ ಮಾಡುವುದು, ಟಿಕೆಟ್ ಹಣ ಉಳಿಸಿ ನಿದ್ದೆ ಕಳೆದುಕೊಂಡಂತೆ. ಶಕ್ತಿ ಯೋಜನೆಯಿಂದ ಅನೇಕ ಮಹಿಳೆಯರಿಗೆ ಉದ್ಯೋಗದ ಬಾಗಿಲು ತೆರೆದಿದೆ ಎಂಬುದು ನಿಜ. ಆದರೆ ಪ್ರಯಾಣ ಉಚಿತವೆಂಬ ಕಾರಣಕ್ಕೆ ಆಕೆಯ ಸಮಯವೂ ಅಗ್ಗವೆಂದು ಮನೆಯವರು ಭಾವಿಸಿದರೆ ಯೋಜನೆಯ ಆಶಯವೇ ತಲೆಕೆಳಗಾಗುತ್ತದೆ.

ಕೆಟ್ಟ ದಿನದ ಪರೀಕ್ಷೆ

ಮನೆ ನೋಡಲು ಹೋಗುವವರು ಸಾಮಾನ್ಯವಾಗಿ ಬಿಸಿಲಿನ ಭಾನುವಾರ ಹೋಗುತ್ತಾರೆ. ಈ ಪ್ರದೇಶದ ನಿಜರೂಪ ಕಾಣುವುದು ಶ್ರಾವಣದಲ್ಲಿ. ನಿಪ್ಪಾಣಿಯ ಉತ್ತರಕ್ಕೆ ಯಮಗರ್ಣಿ ಬಳಿ ವೇದಗಂಗಾ, ಅದರಾಚೆ ದೂಧಗಂಗಾ ನದಿಗಳು ಹೆದ್ದಾರಿಗೆ ಅಡ್ಡ ಹರಿಯುತ್ತವೆ. 2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹಗಳಲ್ಲಿ ಯಮಗರ್ಣಿ ಬಳಿ ನೀರು ಏರಿ ಹೆದ್ದಾರಿ ಸಂಚಾರವೇ ನಿಂತಿತು. ಆಗ ನಿಪ್ಪಾಣಿಯಲ್ಲಿ ಮನೆಯಿದ್ದವರಿಗೆ ಕೊಲ್ಹಾಪುರ ದೂರವಾಯಿತು. ಕಾಗಲ್‌ನಲ್ಲಿದ್ದವರಿಗೆ ಬೆಳಗಾವಿ ದೂರವಾಯಿತು.

ನೀರಿನಷ್ಟೇ ರಾಜಕಾರಣವೂ ದಾರಿ ಕಟ್ಟುತ್ತದೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಕೋಗನೊಳ್ಳಿ ತಪಾಸಣಾ ಠಾಣೆಯಲ್ಲಿ ಪರೀಕ್ಷಾ ವರದಿ ಇಲ್ಲದವರಿಗೆ ಪ್ರವೇಶ ಕಠಿಣವಾಯಿತು. ಗಡಿ ವಿವಾದ ಕಾವೇರಿದ 2022ರ ಡಿಸೆಂಬರ್‌ನಲ್ಲಿಯೂ, ಬಸ್ ನಿರ್ವಾಹಕರ ಮೇಲಿನ ಹಲ್ಲೆಯಿಂದ ಉದ್ವಿಗ್ನತೆ ಉಂಟಾದ 2025ರ ಫೆಬ್ರುವರಿಯಲ್ಲಿಯೂ ಅಂತರರಾಜ್ಯ ಬಸ್ ಸಂಚಾರಕ್ಕೆ ಧಕ್ಕೆಯಾಯಿತು. ಆದ್ದರಿಂದ ಊರು ಆರಿಸುವಾಗ ಕೇಳಬೇಕಾದ ಪ್ರಶ್ನೆ ‘ದಿನವೂ ಎಷ್ಟು ಹೊತ್ತು ಬೇಕು’ ಎಂಬುದೊಂದೇ ಅಲ್ಲ. ‘ದಾರಿ ಕಟ್ಟಿದ ದಿನ ಮಗುವಿನ ಬಳಿ ಯಾರು ಇರುತ್ತಾರೆ’ ಎಂಬುದೂ ಹೌದು. ಇಬ್ಬರಲ್ಲಿ ಒಬ್ಬರಾದರೂ ಗಡಿ ಮತ್ತು ನದಿ ದಾಟದೆ ಮನೆ ಸೇರುವಂತಿರಬೇಕು. ಈ ಪರೀಕ್ಷೆಯಲ್ಲಿ, ಕಾಗಲ್–ಚಿಕ್ಕೋಡಿ ಉದ್ಯೋಗದ ದಂಪತಿಗೆ ನಿಪ್ಪಾಣಿ ಸರಿಹೊಂದುತ್ತದೆ: ಕಾಗಲ್ ಸುಮಾರು 20 ಕಿ.ಮೀ., ಚಿಕ್ಕೋಡಿ ಸುಮಾರು 25 ಕಿ.ಮೀ.; ಯಮಗರ್ಣಿ ಮುಳುಗಿದರೂ ಚಿಕ್ಕೋಡಿಗೆ ಹೋದವರು ಆ ಸೇತುವೆ ದಾಟಬೇಕಾಗಿಲ್ಲ.

ಕಾಗವಾಡ ಕಡೆಯ ಚಿತ್ರ ಬೇರೆ. ಮೀರಜ್ ಅಲ್ಲಿಗೆ ಸುಮಾರು 20 ಕಿ.ಮೀ. ಮಾತ್ರ. ಮೀರಜ್‌ನಿಂದ ಉಗಾರ ಖುರ್ದ, ಕುಡಚಿ, ರಾಯಬಾಗ ಮೂಲಕ ಬೆಳಗಾವಿಗೆ ರೈಲು ಮಾರ್ಗವಿದೆ. ಬಸ್ ವಿವಾದಗಳು ರೈಲಿಗೆ ತಟ್ಟುವುದು ಕಡಿಮೆ. ಒಬ್ಬರು ಮೀರಜ್‌ನ ಆಸ್ಪತ್ರೆಯಲ್ಲಿ, ಇನ್ನೊಬ್ಬರು ರಾಯಬಾಗದ ಕಚೇರಿಯಲ್ಲಿ ದುಡಿಯುವವರಾದರೆ ಉಗಾರ ಅಥವಾ ಕುಡಚಿಯಂಥ ನಿಲ್ದಾಣದ ಊರು ಸಹಜ ಆಯ್ಕೆ. ನಿಪ್ಪಾಣಿಗೆ ಈ ಭಾಗ್ಯವಿಲ್ಲ. ಅಲ್ಲಿ ರೈಲೇ ಇಲ್ಲ. ಚಿಕ್ಕೋಡಿ ರೋಡ್ ಎಂಬ ಹೆಸರಿನ ನಿಲ್ದಾಣವೂ ಚಿಕ್ಕೋಡಿ ಪಟ್ಟಣದಿಂದ ದೂರದಲ್ಲಿದೆ.

ಮಗುವಿನ ಊರು ಯಾವುದು?

ಗಡಿ ದಾಟಿ ನೆಲೆಸುವವರು ಮರೆಯುವ ಸಂಗತಿ ಮಕ್ಕಳ ಓದು. ಕರ್ನಾಟಕದಲ್ಲಿ ಕನಿಷ್ಠ ಏಳು ಶೈಕ್ಷಣಿಕ ವರ್ಷ ಓದಿರಬೇಕೆಂಬುದು ಸಿಇಟಿ ಮೂಲಕ ಸರ್ಕಾರಿ ಸೀಟು ಪಡೆಯಲು ಇರುವ ಪ್ರಮುಖ ಅರ್ಹತಾ ನಿಯಮಗಳಲ್ಲೊಂದು. ಐದಾರು ವರ್ಷ ಕಾಗಲ್‌ನಲ್ಲಿ ಓದಿಸಿ ಮರಳಿ ಬರುವ ಯೋಚನೆಯಿದ್ದವರು ಈ ಲೆಕ್ಕವನ್ನು ಮೊದಲೇ ಹಾಕಬೇಕು. ಕಲಿಕೆಯ ಭಾಷೆ, ಪಡಿತರ ಚೀಟಿ, ವಾಸಸ್ಥಳ ಪ್ರಮಾಣಪತ್ರ, ಮತದಾರರ ಪಟ್ಟಿ ಎಲ್ಲವೂ ಮನೆಯ ವಿಳಾಸದ ಬೆನ್ನ ಹಿಂದೆಯೇ ಬರುತ್ತವೆ.

ಸರ್ಕಾರ ಮಾಡಬಹುದಾದದ್ದು

ದಂಪತಿ ಒಂದೇ ಕಡೆ ಇರಬೇಕೆಂಬ ತತ್ವ ಸರ್ಕಾರಕ್ಕೆ ಹೊಸದಲ್ಲ. ಕೇಂದ್ರ ಸರ್ಕಾರ ತನ್ನ ನೌಕರರ ಬಗ್ಗೆ 2009ರ ಸೆಪ್ಟೆಂಬರ್ 30ರ ಆದೇಶದಲ್ಲಿ ಇದನ್ನು ಮತ್ತೆ ಒತ್ತಿ ಹೇಳಿತು. ರಾಜ್ಯದ ಶಿಕ್ಷಕರ ವರ್ಗಾವಣೆಯಲ್ಲಿಯೂ ದಂಪತಿ ಪ್ರಕರಣಗಳಿಗೆ ಪ್ರತ್ಯೇಕ ಪರಿಗಣನೆಯಿದೆ. ಆದರೆ ಒಬ್ಬರು ನೆರೆರಾಜ್ಯದ ಖಾಸಗಿ ಕಾರ್ಖಾನೆಯಲ್ಲಿದ್ದರೆ ಯಾವ ವರ್ಗಾವಣೆಯೂ ಇಬ್ಬರನ್ನು ಒಂದೂರಿಗೆ ತರಲಾರದು. ಅಂಥವರಿಗೆ ಬೇಕಾದದ್ದು ಸಂಜೆಯ ಬಸ್. ಕೊಲ್ಹಾಪುರ, ಬೆಳಗಾವಿ, ಚಿಕ್ಕೋಡಿಗಳಿಂದ ಬರುವ ಸಂಜೆಯ ಬಸ್ಸುಗಳು ನಿಪ್ಪಾಣಿ ತಲುಪಿದ ಮೇಲೆ ಅಕ್ಕೋಳದಂಥ ಹಳ್ಳಿಗಳ ವಸ್ತಿ ಬಸ್ಸು ಹೊರಡುವಂತೆ ವೇಳಾಪಟ್ಟಿ ಹೊಂದಿಸುವುದು ವಾಯವ್ಯ ಸಾರಿಗೆ ಸಂಸ್ಥೆಗೆ ಅಸಾಧ್ಯದ ಕೆಲಸವಲ್ಲ. ಎರಡೂ ರಾಜ್ಯಗಳ ಸಂಸ್ಥೆಗಳು ಪರಸ್ಪರ ಮಾನ್ಯ ಮಾಡುವ ಮಾಸಿಕ ಪಾಸು ನೀಡಿದರೆ ಗಡಿಯ ನಿತ್ಯ ಪ್ರಯಾಣಿಕನ ಖರ್ಚೂ ತಗ್ಗೀತು.

ಆಡಳಿತದ ನಕ್ಷೆಯೂ ಸಂಸಾರದ ದಿಕ್ಕನ್ನು ಬದಲಿಸಬಲ್ಲದು. 1997ರಲ್ಲಿ ಜೆ.ಎಚ್. ಪಟೇಲ್ ಸರ್ಕಾರ ಚಿಕ್ಕೋಡಿಯನ್ನು ಜಿಲ್ಲೆಯೆಂದು ಘೋಷಿಸಿ, ವಿರೋಧದ ನಂತರ ಹಿಂಪಡೆಯಿತು. 2017ರ ಬಜೆಟ್‌ನಲ್ಲಿ ನಿಪ್ಪಾಣಿ, ಕಾಗವಾಡಗಳನ್ನು ತಾಲ್ಲೂಕುಗಳೆಂದು ಘೋಷಿಸಲಾಯಿತು. ಜಿಲ್ಲಾ ಕಚೇರಿಗಳು ಚಿಕ್ಕೋಡಿಗೆ ಬಂದರೆ ಬೆಳಗಾವಿಗೆ ನಿತ್ಯ ಓಡುವ ಎಷ್ಟೋ ನೌಕರರ ದಾರಿ ಮೂರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಜಿಲ್ಲಾ ವಿಭಜನೆಯ ಚರ್ಚೆಯಲ್ಲಿ ಭಾಷೆ ಮತ್ತು ಮತಗಳ ಲೆಕ್ಕಾಚಾರ ನಡೆದಷ್ಟು ಈ ಮನೆಗಳ ಲೆಕ್ಕ ನಡೆದಿಲ್ಲ.

ಅದುವರೆಗೆ ನಿರ್ಧಾರ ದಂಪತಿಯದೇ. ಸೈಟು ಕೊಂಡು ಅಡಿಪಾಯ ಹಾಕುವ ಮೊದಲು ಆರಿಸಿದ ಊರಿನಲ್ಲಿ ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡುವುದು ವಿವೇಕ. ಉದ್ಯೋಗ ಬದಲಾಗುತ್ತದೆ, ವರ್ಗಾವಣೆ ಬರುತ್ತದೆ, ಮಗು ಶಾಲೆ ದಾಟಿ ಕಾಲೇಜಿಗೆ ಹೋಗುತ್ತದೆ. ಕಟ್ಟಿದ ಮನೆ ಮಾತ್ರ ಅಲ್ಲಿಂದ ಕದಲುವುದಿಲ್ಲ.